ಹಸಿರು ಟೇಪಿನ ಪೆನ್‌ಡ್ರೈವ್

ಬೆಳಿಗ್ಗೆ 7.40. ಪಿಎಸ್‌ಐ ಭುವನಾ ಮಗಳ ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಟೇಪು ಹಿಡಿದಿದ್ದಳು. ಠಾಣೆಯಿಂದ ಕರೆ ಬಂತು. ತಾವರೆಕೆರೆ ಆಚೆಯ ಹಳ್ಳಿಯೊಂದರ ಗ್ರಂಥಾಲಯದಲ್ಲಿ ಕಂಪ್ಯೂಟರಿನ ಒಳಗಿನದು ಕಳವಾಗಿದೆಯೆಂದು ದೂರು.

8.50. ಗ್ರಂಥಪಾಲಕಿ ದಾಕ್ಷಾಯಣಮ್ಮ ಬಾಗಿಲಲ್ಲೇ ಕಾದಿದ್ದರು.

"ಹನ್ನೊಂದು ಮಕ್ಕಳ ವಸತಿ ಶಾಲೆ ಅರ್ಜಿ ಮೇಡಂ, ಇವತ್ತೇ ಕೊನೆ. ಆಪರೇಟಿಂಗ್ ಸಿಸ್ಟಂ ಇಲ್ಲ ಅಂತ ಅದೇ ಬರ್ದು ತೋರುಸ್ತೈತೆ. ಯಾವನೋ ಕದ್ಕೊಂಡು ಹೋಗವ್ನೆ!"

ಬೀಗ ಸರಿಯಿತ್ತು. ಕಂಪ್ಯೂಟರ್ ಪೆಟ್ಟಿಗೆಯ ಸ್ಕ್ರೂಗಳ ಮೇಲಿನ ಧೂಳೂ ಕದಲಿರಲಿಲ್ಲ. ಕಾನ್‌ಸ್ಟೆಬಲ್ ಅಂಬರೀಶ್ ಗುಂಡಿ ಒತ್ತಿದ. ಪೀಪ್ ಎಂದಿತು.

"ಮೆಮೊರಿ, ಕೀಬೋರ್ಡು ಎಲ್ಲ ತಾನೇ ನೋಡ್ಕಂತು ಮೇಡಂ. ಇನ್ನು ತನ್ನನ್ನ ನಡೆಸೋ ಸಿಸ್ಟಂ ಎಲ್ಲೈತೆ ಅಂತ ಹುಡುಕ್ತದೆ."

ಕಪ್ಪು ಪರದೆಯ ಮೇಲೆ ಅದೇ ಬಿಳಿ ಸಾಲು. ಅಂಬರೀಶ್ ಪೆಟ್ಟಿಗೆಯ ಹಿಂದೆ ಕೈಯಾಡಿಸಿ ಪೆನ್‌ಡ್ರೈವೊಂದನ್ನು ಕಿತ್ತ. ಅದಕ್ಕೆ ಹಸಿರು ಟೇಪು ಕಟ್ಟಿತ್ತು.

"ಮೊದ್ಲು ಪೆನ್‌ಡ್ರೈವ್ ನೋಡು, ಆಮೇಲೆ ಒಳಗಿನ ಡಿಸ್ಕು ಅಂತ ಯಾರೋ ಸೆಟ್ ಮಾಡವ್ರೆ. ಇದ್ರಲ್ಲಿ ಸಿಸ್ಟಂ ಇಲ್ಲ. ಅಲ್ಲೇ ನಿಂತ್ಬುಟ್ಟೈತೆ."

ಮತ್ತೆ ಗುಂಡಿ ಒತ್ತಿದ. 9.10ಕ್ಕೆ ಪರದೆ ತುಂಬ ನೀಲಿ ಬೆಳಕು. ಹೊರಗೆ ಸಾಲಲ್ಲಿದ್ದ ಮಕ್ಕಳು ಹೋ ಎಂದರು.

"ಕದ್ದೋನು ವಾಪಸ್ ತಂದಿಟ್ನಾ ಸಾರ್?" ದಾಕ್ಷಾಯಣಮ್ಮ ಕೇಳಿದರು.

"ಎಲ್ಲೂ ಹೋಗಿರ್ಲಿಲ್ಲ ಕಣಮ್ಮ. ಡಿಸ್ಕಲ್ಲೇ ಇತ್ತು."

ಎಫ್‌ಐಆರ್ ಬೇಕಾಗಲಿಲ್ಲ. ಪಂಚನಾಮೆಗೆಂದು ತೆಗೆದ ಹಾಳೆಯಲ್ಲಿ ಎರಡೇ ವಸ್ತು: ಪೆನ್‌ಡ್ರೈವ್ ಒಂದು, ಹಸಿರು ಟೇಪು ಒಂದು ಗೇಣು.

ಭುವನಾ ಹೊರಬಂದು ಮಕ್ಕಳ ಜಡೆಗಳನ್ನು ನೋಡುತ್ತ ನಡೆದಳು. ಆಟೋ ಓಡಿಸುವ ಇಮಾಮ್ ಸಾಬರ ಮಗಳು ಆಫ್ರೀನ್, ಹತ್ತು ವರ್ಷ. ಒಂದು ಜಡೆಗೆ ಹಸಿರು ಟೇಪು, ಇನ್ನೊಂದಕ್ಕೆ ಕರಿ ದಾರ. ಕಣ್ಣಿಗೆ ಕಣ್ಣು ಸೇರಿದ್ದೇ ಓಡಿದಳು. ಗೇಟಿನಲ್ಲಿ ಅಂಬರೀಶ್ ಕೈಚಾಚಿ ನಿಂತಿದ್ದ.

"ಸಿಕ್ಬಿದ್ಲು ಮೇಡಂ ಕಳ್ಳಿ!"

9.20. ಬಂಧಿತೆಯನ್ನು ಮೆಟ್ಟಿಲ ಮೇಲೆ ಮುಂದೆ ಕೂರಿಸಿಕೊಂಡು ಭುವನಾ ಕರಿ ದಾರ ಬಿಚ್ಚಿದಳು.

"ಪೆನ್‌ಡ್ರೈವ್ ಯಾರ್ದು?"

"ಅಬ್ಬಾದು. ಹಾಡಿಂದು."

"ಯಾಕ್ ಹಾಕ್ದೆ? ಹೇಳ್ದಿದ್ರೆ ಜಡೆ ಓರೆಯಾಯ್ತದೆ ನೋಡು."

"ಚಿತ್ರ ಬರೋಕ್ ಮುಂಚೆ ಕಂಪ್ಯೂಟರ್ ಏನ್ ಮಾಡ್ತದೆ ಅಂತ ನೋಡ್ಬೇಕಿತ್ತು. ನಿನ್ನೆ ಸಂಜೆ, ಕೀಳೋಕ್ ಸಲೀಸಾಗ್ಲಿ ಅಂತ ಟೇಪು ಕಟ್ಟಿ ಹಾಕಿ ಗುಂಡಿ ಒತ್ತಿದೆ. ಮೊದ್ಲು ಪೆನ್‌ಡ್ರೈವ್ ದೀಪ ಮಿನುಗ್ತು, ಆಮೇಲೆ ಎಲ್ಲಾ ಕಪ್ಪಾಗೋಯ್ತು. ಹೆದ್ರಿ ಓಡೋದೆ. ನನ್ನ ಅರ್ಜೀನೂ..." ಕಣ್ಣು ತುಂಬಿದವು.

"ಲೇ ಆಫ್ರೀನ್, ಮೊದ್ಲು ನಿನ್ ಅರ್ಜೀನೇ ಕಳಿಸ್ದೆ ಕಣೇ!" ಒಳಗಿಂದ ದಾಕ್ಷಾಯಣಮ್ಮ ಕೂಗಿದರು.

ಭುವನಾ ಪೆನ್‌ಡ್ರೈವಿನಿಂದ ಬಿಚ್ಚಿದ ಟೇಪಿನ ಹೂ ಬಿಗಿದಳು. "ಯಾರನ್ನಾದ್ರೂ ಕೇಳ್ಬೋದಿತ್ತಲ್ಲಮ್ಮ?"

"ನಗ್ತಾರೆ."

"ನಾನ್ ನಗಲ್ಲ. ಕೇಳು."

ಆಫ್ರೀನ್ ಎರಡೂ ಜಡೆ ಮುಟ್ಟಿಕೊಂಡು ತಿರುಗಿದಳು.

"ಸಿಸ್ಟಂ ಬರೋಗಂಟ ಕಂಪ್ಯೂಟರಿಗೆ ಏನೂ ಗೊತ್ತಿರಲ್ಲ ಅಲ್ವಾ? ಹಂಗಾದ್ರೆ ಸಿಸ್ಟಂ ಹುಡುಕು ಅಂತ ಅದಕ್ಕೆ ಹೇಳಿದ್ಯಾರು ಆಂಟಿ?"