ತಂಗಿಯ ಲಕೋಟೆ ಎಲ್ಲಿ?

"ಹೆತ್ತ ತಾಯಿನೇ ನನ್ನನ್ನ ಕಳ್ಳ ಅಂದುಬಿಟ್ಟಳು," ಎಂದ ಔಷಧಿ ಅಂಗಡಿಯವನು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಿಟಕಿಗೂ ಬಾಗಿಲಿಗೂ ಶತಪಥ ಹಾಕುತ್ತಿದ್ದ.

ಸೊಸೆ ನೀರು ತಂದಿಟ್ಟು ಅತ್ತೆಯ ಪಕ್ಕದಲ್ಲಿ ಕೂತಳು. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವರು. ಬೀದಿಯಲ್ಲಿ ಏನೇ ಕಾಣೆಯಾದರೂ ಜನ ಮೊದಲು ಅವರ ಬಾಗಿಲನ್ನೇ ತಟ್ಟುತ್ತಿದ್ದರು. ಅತ್ತೆ ಹೊರಟ ಕಡೆ ತಾನೂ ಹೋಗದಿದ್ದರೆ ಸೊಸೆಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಅವನು ಹೇಳಿದ್ದಿಷ್ಟು. ಹತ್ತು ವರ್ಷದ ಹಿಂದೆ ತಂದೆಯ ಹಣ ಅಣ್ಣತಂಗಿಗೆ ಸಮಪಾಲಾಯಿತು. ಅವನು ಷೇರುಗಳನ್ನು ಅಳೆದು ತೂಗಿ ಆರಿಸುವ ಪರಿಣತರ ಫಂಡಿಗೆ ಹಾಕಿದ. ಬಟ್ಟೆ ಹೊಲಿಯುವ ತಂಗಿ ಇಂಡೆಕ್ಸ್ ಫಂಡಿಗೆ ಹಾಕಿದಳು. ಅದು ದೊಡ್ಡ ಕಂಪನಿಗಳ ಷೇರುಗಳನ್ನೆಲ್ಲ ಒಟ್ಟಿಗೆ ಕೊಂಡು ಷೇರುಪೇಟೆಯ ಜೊತೆಗೇ ಏರಿಳಿಯುವಂಥದು. ಈಗ ತಾಯಿ ತನ್ನ ಅಂಗಡಿ ಮಾರಿದ್ದಳು. ಮುಪ್ಪಿಗಿದ್ದ ಆ ಹಣ, ಇಬ್ಬರಲ್ಲಿ ಯಾರದು ಹೆಚ್ಚು ಬೆಳೆದಿದೆಯೋ ಅವರ ದಾರಿ ಹಿಡಿಯಬೇಕೆಂದು ಮಾತಾಗಿತ್ತು. ಇಬ್ಬರ ಹತ್ತು ವರ್ಷದ ಲೆಕ್ಕದ ವಿವರಪತ್ರಗಳೂ ಅಂಚೆಯಲ್ಲಿ ತಾಯಿಯ ಮನೆಗೇ ಬಂದವು. ಭಾನುವಾರ ಎಲ್ಲರೆದುರು ಒಡೆಯೋಣವೆಂದು ಆಕೆ ಬೀರುವಿನಲ್ಲಿಟ್ಟಳು. ಗುರುವಾರ ನೋಡಿದರೆ ತಂಗಿಯ ಲಕೋಟೆ ಮಾಯ.

"ಬೀಗ?" ಅತ್ತೆ ಕೇಳಿದರು.

"ಸರಿಯಾಗೇ ಇತ್ತು. ಬೀಗದ ಕೈ ಬಾಗಿಲ ಹಿಂದಿನ ಮೊಳೇಲೇ ಇರುತ್ತೆ. ಅವತ್ತು ನಾನು ಮಾತ್ರೆ ಕೊಡೋಕೆ ಹೋಗಿದ್ದೆ. ತಂಗಿ ಪರದೆಗೆ ಅಳತೆ ತಗೊಳ್ಳೋಕೆ ಬಂದಿದ್ದಳು."

"ಲಕೋಟೆ ಒಡೆದಿದ್ರೆ ನೀನೇ ಸೋಲ್ತಿದ್ದೆಯೇನಪ್ಪಾ?"

ಅವನು ನಿಂತುಬಿಟ್ಟ. "ಸೋಲ್ತಿದ್ದೆ. ಮೊದಲು ಮೂರು ವರ್ಷ ನನ್ನದೇ ಮುಂದಿತ್ತು. ಆಮೇಲೆ ಹಿಂದೆ ಬಿತ್ತು. ಪರಿಣತರು ತಮ್ಮ ಕೂಲಿ ಮಾತ್ರ ವರ್ಷಾ ವರ್ಷಾ ಮುರಿದುಕೊಂಡರು. ಹಾಗಂತ ಕದೀತೀನಾ?"

ಮರುದಿನ ಅತ್ತೆ ಸೊಸೆ ಇಬ್ಬರೂ ತಂಗಿಯ ಹೊಲಿಗೆ ಅಂಗಡಿಗೆ ಹೋದರು. ಅವಳ ಕಾಲು ಮೆಷಿನ್ನಿನ ಪೆಡಲಿನ ಮೇಲೆ ಸುಮ್ಮನೆ ಅದುರುತ್ತಿತ್ತು. ಮಾತಿನ ನಡುವೆ ಫೋನ್ ಎತ್ತಿ ಪೇಟೆಯ ದರ ನೋಡುವಳು, ಮಗುಚಿಡುವಳು, ಮತ್ತೆ ಎತ್ತುವಳು. ಐದು ನಿಮಿಷದಲ್ಲಿ ನಾಲ್ಕು ಸಲವೆಂದು ಸೊಸೆ ಎಣಿಸಿದಳು.

"ಫಂಡಿನವರಿಗೆ ಫೋನ್ ಮಾಡಿದ್ರೆ ಇನ್ನೊಂದು ಪ್ರತಿ ಕಳಿಸಲ್ವಾಮ್ಮಾ?" ಅತ್ತೆ ಕೇಳಿದರು.

"ಕಳಿಸ್ತಾರೆ. ಮಾಡಬೇಕು... ಪುರುಸೊತ್ತೇ ಆಗಿಲ್ಲ."

ಸೊಸೆಯ ಅನುಮಾನ ಆಗಲೂ ಅಣ್ಣನ ಮೇಲೇ ಇತ್ತು.

ಭಾನುವಾರ ತಾಯಿಯ ಮನೆಯಲ್ಲಿ ಎಲ್ಲರೂ ಸೇರಿದರು. ಅಣ್ಣತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಇಂಡೆಕ್ಸ್ ಫಂಡಿನ ಬೆಲೆ ಗುಟ್ಟೇನಲ್ಲ," ಅತ್ತೆ ಶುರುಮಾಡಿದರು. "ಅವತ್ತಿನ ಬೆಲೆ, ಇವತ್ತಿನ ಬೆಲೆ ಇಟ್ಟು ನೋಡಿದರೆ ಎಷ್ಟು ಬೆಳೆದಿದೆ ಅಂತ ಯಾರು ಬೇಕಾದರೂ ಹೇಳಬಹುದು. ಲಕೋಟೆ ಕದ್ದು ಅಣ್ಣ ಅದನ್ನ ಹೇಗೆ ಮುಚ್ಚಿಡ್ತಾನೆ? ಲಕೋಟೆಯಲ್ಲಿ ಮಾತ್ರ ಇದ್ದದ್ದು ಒಂದೇ. ದುಡ್ಡು ಹತ್ತು ವರ್ಷವೂ ಫಂಡಿನಲ್ಲೇ ಇತ್ತಾ ಅನ್ನೋದು. ಅದು ಬಯಲಾದರೆ ಯಾರಿಗೆ ಕಷ್ಟ? ಕಳಕೊಂಡೋಳು ಒಂದು ಫೋನ್ ಕೂಡ ಮಾಡಲಿಲ್ಲ. ದುಡ್ಡನ್ನ ಹತ್ತು ವರ್ಷ ಮುಟ್ಟದೆ ಬಿಟ್ಟಿದ್ದೋಳು ಐದು ನಿಮಿಷಕ್ಕೆ ನಾಲ್ಕು ಸಲ ದರ ನೋಡ್ತಾಳಾ?"

ತಂಗಿ ಚೀಲದಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು.

"ಪೇಟೆ ಬಿದ್ದಾಗ ನಿದ್ದೆನೇ ಹತ್ತಲಿಲ್ಲ. ತಳಕ್ಕಿಳಿದಾಗ ಮಾರಿದೆ. ಏರಿದ ಮೇಲೆ ಕೊಂಡೆ, ಮತ್ತೆ ಹೆದರಿ ಮಾರಿದೆ. ಊರಿಗೆಲ್ಲ ದುಡ್ಡು ಮುಟ್ಟದೆ ಸುಮ್ಮನಿರಿ ಅಂತ ಬುದ್ಧಿ ಹೇಳಿದೋಳು ನಾನೇ. ಅಣ್ಣನಿಗಿಂತ ಕಡಿಮೆ ಉಳಿದಿದೆ."

"ದುಡ್ಡು ಹೋಗ್ಲಿ," ಅಣ್ಣ ಅವಳತ್ತ ತಿರುಗಿದ. "ಅಮ್ಮ ನನ್ನನ್ನ ಕಳ್ಳ ಅಂದಾಗ ನೀನು ಬಾಯಿ ಮುಚ್ಕೊಂಡು ಕೂತಿದ್ದೆಯಲ್ಲೇ!"

ತಂಗಿ ಲಕೋಟೆಯನ್ನು ಅಣ್ಣನ ಕಡೆಗೆ ಸರಿಸಿದಳು.

ತಾಯಿ ಮಗನ ಕೈ ಹಿಡಿದು, "ನನ್ನದೂ ತಪ್ಪಾಯ್ತು ಕಣೋ," ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಇಂಡೆಕ್ಸ್ ಫಂಡೇನೂ ಕೆಟ್ಟದ್ದಲ್ಲ, ಹೆದರಿಕೆಯೇ ಕೆಡಿಸಿದ್ದು; ನನ್ನ ದುಡ್ಡೂ ಅದಕ್ಕೇ ಹೋಗ್ಲಿ. ಆದರೆ ತೆಗೆಯೋಕೆ ಇವರಿಬ್ಬರ ಸಹಿಯೂ ಬೇಕು ಅಂತ ಬರೆಸಿ."

"ಇಬ್ಬರದೂ ಯಾಕಮ್ಮಾ?" ಸೊಸೆ ಕೇಳಿದಳು.

"ಒಬ್ಬರಿಗೆ ಹೆದರಿಕೆ ಆದಾಗ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಲೇಬೇಕಲ್ಲ, ಅದಕ್ಕೆ."