ಹಿಂದಕ್ಕೆ ನೋಡುವ ಗಿಳಿ

"ಅದು ತಪ್ಪಲ್ಲ... ಅದು ನನ್ನ ಗಂಡ!"

ಶೆಡ್ಡಿನಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಆ ಮೌನದಲ್ಲಿ ಅವಳ ಮಾತು ಇನ್ನೂ ದೊಡ್ಡದಾಗಿ ಕೇಳಿಸಿತು.

ಲ್ಯಾಪ್‌ಟಾಪ್ ಮುಂದೆ ನಿಂತಿದ್ದ ಯುವಕ ಕಕ್ಕಾಬಿಕ್ಕಿಯಾದ.

"ಮೇಡಂ, ನಾನು ಹೇಳಿದ್ದು ಈ ಗಿಳಿ ಬಗ್ಗೆ..."

"ನಾನೂ ಅದರ ಬಗ್ಗೇನೇ ಹೇಳ್ತಿರೋದು."

ಪರದೆಯ ಮೇಲೆ ಸೀರೆಯ ಅಂಚಿನ ಚಿತ್ರವಿತ್ತು. ಸಾಲಾಗಿ ಗಿಳಿಗಳು. ಎಲ್ಲವೂ ಮುಂದಕ್ಕೆ ನೋಡುತ್ತಿದ್ದವು. ಸಾಲಿನ ಕೊನೆಯದು ಮಾತ್ರ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು.

ರಮ್ಯಶ್ರೀ ಅಲ್ಲಿಗೆ ಬಂದದ್ದು ಅತ್ತೆ ಪಾಪಮ್ಮ ಕುಚ್ಚು ಕಟ್ಟಿದ ಸೀರೆಗಳನ್ನು ಶೆಡ್ಡಿನ ಯಜಮಾನ ಗೋವಿಂದರಾಜುವಿಗೆ ಕೊಟ್ಟು ಹೋಗಲು. ಕಾಲೇಜಿಗೆ ಹೊತ್ತಾಗುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ, "ಇದೊಂದು ಸಣ್ಣ ತಪ್ಪು ಯಜಮಾನ್ರೇ, ಸರಿ ಹೋಗುತ್ತೆ" ಎಂಬ ಮಾತು ಕಿವಿಗೆ ಬಿತ್ತು. ತಲೆ ಎತ್ತಿದಳು. ಗಿಳಿ ಅವಳನ್ನೇ ನೋಡುತ್ತಿತ್ತು.

"ಈ ಸಾಫ್ಟ್‌ವೇರ್ ಯಾರದ್ದು?"

"ಬೆಂಗಳೂರಿನ ನಮ್ ಕಂಪನೀದು ಮೇಡಂ. 'ಸಿರಿಯಂಚು' ಅಂತ. ನಾನು ಮುನಿಕೃಷ್ಣ. ನೀವು ಚಿತ್ರ ಕೊಟ್ರೆ ಸಾಕು, ಮಗ್ಗದ ಕಾರ್ಡಲ್ಲಿ ಎಲ್ಲೆಲ್ಲಿ ತೂತು ಹೊಡೀಬೇಕು ಅಂತ ಅದೇ..."

"ಅದೇನು ಮಾಡುತ್ತೆ ಅಂತ ನಂಗೆ ಗೊತ್ತು. ಅದರ ನಿಜವಾದ ಹೆಸರು 'ಹುರಿ'. ನನ್ನ ಗಂಡ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದು. ನೀವು ಹೆಸರು ಅಳಿಸಿ ಮಾರ್ತಿದ್ದೀರ."

ಅವಳ ದನಿ ಏರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕಲ್ಲ...

"ಏನಮ್ಮಾ ಇದು, ಬೆಳ್ಳಂಬೆಳಗ್ಗೆ!" ಎಂದರು ಗೋವಿಂದರಾಜು.

ಸೀರೆಗಳನ್ನು ಬೆಂಚಿನ ಮೇಲಿಟ್ಟು ಅವಳು ಹೊರಟುಬಿಟ್ಟಳು.

ಪಾಪಮ್ಮನ ಮನೆಯಲ್ಲಿ ತಲೆತಲಾಂತರದಿಂದ ಒಂದು ಪದ್ಧತಿ ಇತ್ತು. ಅಂಚಿನ ಸಾಲಿನಲ್ಲಿ ಕೊನೆಯ ಹಕ್ಕಿಯನ್ನು ಹಿಂದಕ್ಕೆ ತಿರುಗಿಸಿಯೇ ನೇಯಬೇಕು. ಪೂರ್ತಿ ಚೆಂದವಾಗಿದ್ದರೆ ದೃಷ್ಟಿ ತಾಗುತ್ತದೆ. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟ ಹಾಗೆ. ದೊಡ್ಡಬಳ್ಳಾಪುರದಲ್ಲಿ ಬೇರೆ ಯಾವ ನೇಕಾರರ ಮನೆಯಲ್ಲೂ ಹೀಗಿರಲಿಲ್ಲ. ಕೇಳಿದವರು ನಗುತ್ತಿದ್ದರು.

ಮಗ ನಂದಕುಮಾರ್ ಪ್ರೋಗ್ರಾಂ ಬರೆಯುವಾಗ ಆ ಪದ್ಧತಿಯನ್ನೂ ಒಳಗೆ ಸೇರಿಸಿದ್ದ.

"ಅಮ್ಮಂಗೆ ಕೊಟ್ಟ ಲಂಚ ಕಣೇ ಇದು! ಇಲ್ದಿದ್ರೆ ಕಂಪ್ಯೂಟ್ರು ಮಾಡಿದ ಅಂಚನ್ನ ಅವ್ಳು ಮುಟ್ಟಲ್ಲ."

ಆಮೇಲೆ ಅದನ್ನು ಇಂಟರ್‌ನೆಟ್ಟಿಗೆ ಹಾಕಿದ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಮಾರುವುದಾದರೆ ಮಾತ್ರ ನಮ್ಮನ್ನು ಕೇಳಿ, ಬರೆದವರ ಹೆಸರು ಅಳಿಸಬೇಡಿ. ಅಷ್ಟೇ ಷರತ್ತು.

ಮುಂದಿನ ಮಳೆಗಾಲಕ್ಕೆ ಡೆಂಗ್ಯೂ ಬಂತು. ಅವನು ಹೋದ.

ಅಂದಿನಿಂದ ರಮ್ಯಶ್ರೀ ಕಾಲೇಜಿಗೆ ಹೋಗುತ್ತಾಳೆ, ಕಂಪ್ಯೂಟರ್ ಪಾಠ ಮಾಡುತ್ತಾಳೆ, ಮನೆಗೆ ಬಂದು ಅನ್ನಕ್ಕಿಡುತ್ತಾಳೆ. ಅತ್ತಿದ್ದು ಕಡಿಮೆ. 'ಹುರಿ'ಯನ್ನು ಮತ್ತೆ ತೆರೆಯಲೇ ಇಲ್ಲ. ಆದರೆ ಅದು ಎಲ್ಲೋ ಇದೆ, ಅವನ ಹೆಸರು ಹೊತ್ತುಕೊಂಡು ಯಾರದ್ದೋ ಮಗ್ಗ ಓಡಿಸುತ್ತಿದೆ ಎಂಬುದೊಂದು ಸಮಾಧಾನವಿತ್ತು.

ಅದನ್ನೂ ತೆಗೆದುಕೊಂಡುಬಿಟ್ಟರಾ?

ಕಂಪನಿಗೆ ಬರೆದಳು. ಇದು ನನ್ನ ಗಂಡ ಬರೆದದ್ದು, ಅವರ ಹೆಸರನ್ನು ವಾಪಸು ಹಾಕಿ, ಕೇಳದೆ ಮಾರುವುದನ್ನು ನಿಲ್ಲಿಸಿ ಎಂದು. ಉತ್ತರ ಬೇಗನೆ ಬಂತು.

'ತಾವು ಹೇಳುವ ವ್ಯಕ್ತಿ ತೀರಿಕೊಂಡಿದ್ದಾರೆಂದು ತಿಳಿದು ವಿಷಾದವಾಯಿತು. ಆದರೆ ಈ ವಿಷಯದಲ್ಲಿ ದೂರು ಕೊಡಲು ತಾವು ಯಾರು?'

ತಾವು ಯಾರು...

ಹೆಂಡತಿ, ವಾರಸುದಾರಳು ಎಂದು ಬರೆಯಬಹುದಿತ್ತು. ಬೆರಳು ಏಳಲಿಲ್ಲ. ಆ ಪ್ರಶ್ನೆಯನ್ನು ಅವಳೇ ಕನ್ನಡಿ ಮುಂದೆ ಎಷ್ಟೋ ಸಲ ಕೇಳಿಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಯಾರೋ ಬಂದ ಸದ್ದಾಯಿತು. ಪಾಪಮ್ಮ ಕುಚ್ಚು ಕಟ್ಟುತ್ತಾ ಕೂತಿದ್ದರು.

"ಯಾರಪ್ಪಾ ನೀನು? ಸೀರೆ ತಗೊಂಡೋಗಕ್ಕೆ ಬಂದ್ಯಾ?"

"ಇಲ್ಲಮ್ಮಾ. ಬೂದಿಗೆರೆ ಕಡೆಯೋನು. ನಿಮ್ ಗಿಳಿ ಕದ್ದೋನು."

ಪಾಪಮ್ಮನ ನಗು ಅಡುಗೆಮನೆವರೆಗೂ ಬಂತು. ಒಲೆ ಮುಂದಿದ್ದ ರಮ್ಯಶ್ರೀಗೂ ತುಟಿಯ ತುದಿಗೆ ಏನೋ ಬಂದು ಹೋಯಿತು. ಅದಕ್ಕೆ ಅವಳೇ ಹೆದರಿದಳು.

ಮುನಿಕೃಷ್ಣ ಚಾಪೆಯ ಅಂಚಿನಲ್ಲಿ ಕೂತ.

"ನಾನು ಮಾರೋನು ಅಷ್ಟೇ ಮೇಡಂ, ಬರೆದೋರು ಯಾರು ಅಂತ ಕೇಳೇ ಇರ್ಲಿಲ್ಲ. ಮೊನ್ನೆ ನೀವು ಹೋದ್ಮೇಲೆ 'ಹುರಿ' ಇಳಿಸ್ಕೊಂಡೆ. ಎರಡಕ್ಕೂ ಒಂದೇ ಚಿತ್ರ ಕೊಟ್ಟೆ. ಎರಡರಲ್ಲೂ ಅದೇ ಗಿಳಿ ತಿರುಗ್ತು."

"ಹಾಗಾದ್ರೆ ಅದನ್ನ ನಿಮ್ಮ ಕಂಪನೀಲಿ ಹೇಳಿ."

"ಹೇಳ್ತೀನಿ."

"ಕೆಲಸ ಹೋಗುತ್ತೆ."

"ಹೋಗ್ಬೋದು." ಅವನು ಕಾಫಿ ಲೋಟ ನೋಡುತ್ತಾ ಹೇಳಿದ. "ಭಯ ಇಲ್ಲ ಅಂತಲ್ಲ ಮೇಡಂ. ಆದ್ರೆ ಇನ್ನೊಂದ್ ಶೆಡ್ಡಿಗೆ ಹೋಗಿ 'ನಮ್ದೇ' ಅನ್ನಕ್ಕೆ ನಾಲಿಗೆ ಏಳ್ತಿಲ್ಲ."

ಅವಳು ಕಂಪನಿಯ ಉತ್ತರವನ್ನು ತೋರಿಸಿದಳು. ಅವನು ಕೊನೆಯ ಸಾಲನ್ನು ಎರಡು ಸಲ ಓದಿದ.

"ತಾವು ಯಾರು ಅಂದ್ರೆ... ಇದಕ್ಕೆ ಉತ್ತರ ಇದ್ದೇ ಇರುತ್ತೆ. ನಾನು ಹುಡುಕ್ತೀನಿ."

ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ. ಎರಡು ಪ್ರೋಗ್ರಾಂಗಳನ್ನು ಹೋಲಿಸಿ ನೋಡಿದ್ದನ್ನು ಹೇಳುತ್ತಿದ್ದ, ಪಾಪಮ್ಮನಿಗೆ ದಾರ ಹಿಡಿದುಕೊಡುತ್ತಿದ್ದ, ಬಸ್ಸು ತಪ್ಪುತ್ತದೆಂದು ಓಡುತ್ತಿದ್ದ. ಒಂದು ಶನಿವಾರ ಸಂಜೆ ಹಾಲು ಹೆಚ್ಚಿಗೆ ತಂದ ಮೇಲೆ ರಮ್ಯಶ್ರೀಗೆ ಅರಿವಾಯಿತು.

ನಾನು ಕಾಯುತ್ತಿದ್ದೀನಾ? ಛೆ! ಗಂಡನ ಫೋಟೋ ಗೋಡೆ ಮೇಲಿರುವಾಗ...

ಹೆಚ್ಚಿದ ಹಾಲಿಗೆ ಹೆಪ್ಪು ಹಾಕಿದಳು. ಆ ಭಾನುವಾರ ಮುನಿಕೃಷ್ಣನ ಎದುರು ಬರಲೇ ಇಲ್ಲ.

ಅದೇ ವಾರ ಸೀರೆ ಕೊಡಲು ಶೆಡ್ಡಿಗೆ ಹೋದಾಗ ಬಾಗಿಲಲ್ಲೇ ನಿಂತುಬಿಟ್ಟಳು. ಪರದೆಯ ಮೇಲೆ ಗಿಳಿಗಳೆಲ್ಲ ಮುಂದಕ್ಕೆ ನೋಡುತ್ತಿದ್ದವು. ಎಲ್ಲವೂ!

"ಗಿಳಿ ಎಲ್ಲಿ?"

ಮಗ್ಗ ನೋಡಿಕೊಳ್ಳುವ ಅನಿಲ್‌ಕುಮಾರ್ ಹೆಮ್ಮೆಯಿಂದ ಹೇಳಿದ. "ಹೊಸ ಅಪ್‌ಡೇಟ್ ಅಕ್ಕಾ! ಮುನಿಕೃಷ್ಣಣ್ಣ ಕಂಪನೀಗೆ ಹೇಳಿ ಸರಿ ಮಾಡಿಸ್ಕೊಟ್ರು."

ಅವಳ ಬಳಿ ಇದ್ದ ಒಂದೇ ಸಾಕ್ಷಿ ಆ ಗಿಳಿ. ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಅದರ ಗುಟ್ಟೆಲ್ಲ ಕೇಳಿಕೊಂಡು ಹೋಗಿದ್ದ!

ರಸ್ತೆಯಲ್ಲೇ ನಿಂತು ಫೋನ್ ಮಾಡಿದಳು.

"ಗಿಳಿ ವಿಷಯ ಕಂಪನಿಗೆ ಹೇಳಿದ್ದು ನೀವೇನಾ?"

"ಹೌದು ಮೇಡಂ. ಆದ್ರೆ ಅದು..."

"ಸಾಕು."

ಕರೆ ಕತ್ತರಿಸಿದಳು. ಅವನ ನಂಬರನ್ನು ಬ್ಲಾಕ್ ಮಾಡಿದಳು. ಅಳು ಬರಬಹುದೆಂದು ಕಾದಳು. ಬರೀ ಸುಸ್ತು ಬಂತು.

ಮುಂದಿನ ಭಾನುವಾರ ಅವನು ಬಂದಾಗ ಬಾಗಿಲು ತೆರೆಯಲಿಲ್ಲ. "ಅವನೇನ್ ಹೇಳ್ತಾನೋ ಕೇಳೇ" ಎಂದರು ಪಾಪಮ್ಮ. "ಕೇಳಿದ್ದಾಯ್ತು ಅತ್ತೆ" ಎಂದಳು. ಆಮೇಲೆ ಅವನು ಬರಲಿಲ್ಲ.

ಬಂದದ್ದು ಗೋವಿಂದರಾಜು. ಕೈಯಲ್ಲಿ ಒಂದು ತುಂಡು ಬಟ್ಟೆ.

"ನೋಡಮ್ಮಾ ಈ ಕರ್ಮಾನ! ಸಾಲಿಗೊಂದು ಗಿಳೀಗೆ ತಲೇನೇ ಇಲ್ಲ! ಎಲ್ಲಾ ಮಗ್ಗದಲ್ಲೂ ಇದೇ ಗೋಳು. ಕಂಪನಿಯೋರ್ನ ಕೇಳಿದ್ರೆ ನಾಳೆ, ನಾಡಿದ್ದು ಅಂತಾರೆ."

ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಮಗ್ಗದ ಕಾರ್ಡುಗಳನ್ನು ಮಾಲೆಯ ಹಾಗೆ ಪೋಣಿಸಿ ಕಟ್ಟುತ್ತಾರೆ. ಕೊನೆಯ ಕಾರ್ಡು ಮತ್ತೆ ಮೊದಲನೆಯದಕ್ಕೆ ಕೂಡಬೇಕು. ಕತ್ತು ತಿರುಗಿದ ಗಿಳಿ ನಿಂತಿದ್ದದ್ದೇ ಆ ಕೂಡುವ ಜಾಗದಲ್ಲಿ. ಹಿಂದುಮುಂದು ತಿಳಿಯದೆ ಕಂಪನಿಯವರು ಅದನ್ನು ಕಿತ್ತಿದ್ದರು, ಕಾರ್ಡು ಕೂಡಿಸುವ ಪ್ರೋಗ್ರಾಂ ಸಾಲುಗಳೂ ಜೊತೆಗೇ ಹೋಗಿದ್ದವು.

ನಿಲ್ಲಲಿ ಬಿಡು! ಕದ್ದ ಮಾಲು, ಕೊಂಡವರ ಹಣೆಬರಹ...

"ಮಗ್ಗ ನಿಂತ್ರೆ ನೇಯೋರ ಒಲೆ ಆರುತ್ತೆ ಕಣೇ," ಎಂದರು ಪಾಪಮ್ಮ, ಅವಳ ಮನಸ್ಸು ಓದಿದವರಂತೆ.

ರಮ್ಯಶ್ರೀ ನಿಟ್ಟುಸಿರಿಟ್ಟಳು. "ನಮ್ಮ 'ಹುರಿ' ಹಾಕ್ಕೊಡ್ತೀನಿ. ದುಡ್ಡೇನೂ ಬೇಡ. ಆದ್ರೆ ಗಿಳಿ ತಿರುಗುತ್ತೆ."

"ತಿರುಗ್ಲಿ ತಾಯಿ! ತಲೆ ಇಲ್ದಿರೋ ಗಿಳೀಗಿಂತ ಕತ್ತು ತಿರುಗ್ಸಿರೋದೇ ವಾಸಿ. ತಪ್ಪು ನಂದೇ. ಉಲ್ಟಾ ಐತೆ ಅಂತ ಅವತ್ತು ನಾನೇ ತಕರಾರು ತೆಗೆದಿದ್ದು. ಪಾಪ, ಆ ಹುಡುಗ ನನ್ನೆದುರಿಗೇ ಕಂಪನೀಗೆ ಫೋನ್ ಹಾಕ್ದ."

"ಯಾವತ್ತು?"

"ಅದೇ, ನೀನು ಬಂದು ಕೂಗಾಡಿದ್ಯಲ್ಲ, ಅವತ್ತು. ನೀನು ಬರೋಕ್ ಸ್ವಲ್ಪ ಮುಂಚೆ."

'ಸರಿ ಹೋಗುತ್ತೆ' ಎಂದಿದ್ದ ಅವನು. ಅವಳು ಬಾಗಿಲಲ್ಲೇ ಕೇಳಿಸಿಕೊಂಡಿದ್ದಳು. ಅವಳು ಯಾರೆಂದು, ಗಿಳಿ ಏನೆಂದು ತಿಳಿಯುವ ಮುಂಚೆ ಆಡಿದ ಮಾತು...

"ಈಗ ಅವನು ಆ ಕೆಲ್ಸದಲ್ಲೂ ಇಲ್ವಂತೆ," ಗೋವಿಂದರಾಜು ಚಪ್ಪಲಿ ಮೆಟ್ಟುತ್ತಾ ಹೇಳಿದರು. "ಇದು ನಮ್ದಲ್ಲ, ಮಾರಲ್ಲ ಅಂತ ಯಜಮಾನನ ಮುಖಕ್ಕೇ ಹೇಳಿ ಬಂದ್ನಂತೆ."

ಅವರು ಹೋದ ಮೇಲೆ ಪಾಪಮ್ಮ ಸೊಸೆಯ ಕೈಗೆ ಫೋನ್ ಇಟ್ಟರು. ಅವಳು ಬ್ಲಾಕ್ ತೆಗೆದು ಮುನಿಕೃಷ್ಣನಿಗೆ ಕರೆ ಮಾಡಿದಳು.

ಅವನು ಮರುದಿನವೇ ಬಂದ. ಸ್ವಲ್ಪ ಇಳಿದುಹೋಗಿದ್ದ. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ಪೂರ್ತಿ ಕೇಳದೆ ಫೋನ್ ಇಟ್ಟೆ. ತಪ್ಪಾಯ್ತು."

"ನಾನೂ ಮೊದಲ್ನೇ ದಿನಾನೇ ಹೇಳ್ಬೇಕಿತ್ತು. ಆ ಫೋನ್ ವಿಷಯ ಮರ್ತೇ ಹೋಗಿತ್ತು." ಅವನು ಲ್ಯಾಪ್‌ಟಾಪ್ ತೆರೆದ. "ಉತ್ತರ ಸಿಕ್ತು ಮೇಡಂ. ಬಾಗಿಲು ತೆಗೀಲಿಲ್ವಲ್ಲ, ಆ ಭಾನುವಾರ ಬಂದಿದ್ದು ಇದನ್ನ ತೋರ್ಸಕ್ಕೇ."

'ಹುರಿ' ಹುಟ್ಟಿದಂದಿನಿಂದ ಯಾವ ಸಾಲನ್ನು ಯಾರು ಬರೆದರು ಎಂಬುದು ಅಲ್ಲಿ ದಾಖಲಾಗಿತ್ತು. ಚಿತ್ರ ಓದುವ ಭಾಗ ನಂದಕುಮಾರ್. ಗಿಳಿಯ ಕತ್ತು ನಂದಕುಮಾರ್. ಕಾರ್ಡು ಕೂಡಿಸುವ ಭಾಗ ರಮ್ಯಶ್ರೀ. ರಮ್ಯಶ್ರೀ. ಮತ್ತೆ ರಮ್ಯಶ್ರೀ...

"ಅರ್ಧಕ್ಕರ್ಧ ನಿಮ್ದೇ. ಬರೆದೋರ ಹೆಸರು ಅಂತ ಮೊದಲು ಎರಡು ಹೆಸರಿತ್ತು. ಕಂಪನಿ ಎರಡನ್ನೂ ಅಳಿಸ್ತು." ಅವನ ದನಿ ತಗ್ಗಿತು. "ನೀವು ಒಂದನ್ನ ಅಳಿಸಿದ್ರಿ."

ಅವಳು ಪರದೆಯನ್ನೇ ನೋಡಿದಳು. ಮದುವೆಯಾದ ಹೊಸತು... ಇದೇ ಜಗಲಿ, ಒಂದೇ ಲ್ಯಾಪ್‌ಟಾಪ್. 'ನೀನ್ ಬರಿ, ನಾನ್ ಟೀ ಮಾಡ್ತೀನಿ' ಎಂದು ನಂದಕುಮಾರ್ ಏಳುತ್ತಿದ್ದ. ಹೇಗೆ ಮರೆತಳು? ಅವನ ಜೊತೆ ತನ್ನನ್ನೂ ಮಣ್ಣು ಮಾಡಿ ಬಂದಿದ್ದಳೇ?

ಆಗ ಬಂತು ಅಳು. ತಡೆಯಲಾಗದಷ್ಟು. ಪಾಪಮ್ಮ ಎದ್ದು ಬಂದು ಸೊಸೆಯ ತಲೆಯನ್ನು ಎದೆಗಾನಿಸಿಕೊಂಡರು. ಮುನಿಕೃಷ್ಣ ಅಂಗಳಕ್ಕಿಳಿದು ಬೀದಿ ಕಡೆ ಮುಖ ಮಾಡಿ ನಿಂತ.

ಸಂಜೆಯ ಹೊತ್ತಿಗೆ ಅವಳು ಎರಡನೆಯ ಸಲ ಕಂಪನಿಗೆ ಬರೆದಳು. ಈ ಸಲ ಮೊದಲ ಸಾಲು ಹೀಗಿತ್ತು: 'ನಾನು ಇದನ್ನು ಬರೆದವಳು.' ದಾಖಲೆಯನ್ನು ಜೊತೆಗಿಟ್ಟಳು. ಸಾಕ್ಷಿಯಾಗಿ ಮುನಿಕೃಷ್ಣ ತನ್ನ ಹೆಸರು ಬರೆದ. ತಲೆಯಿಲ್ಲದ ಗಿಳಿಗಳ ಬಗ್ಗೆ ಶೆಡ್ಡಿನವರು ಬೇರೆ ಕೂಗೆಬ್ಬಿಸಿದ್ದರು. ಕೆಲವು ವಾರ ಎಳೆದಾಡಿದ ಮೇಲೆ ಕಂಪನಿ 'ಸಿರಿಯಂಚು' ಮಾರುವುದನ್ನು ನಿಲ್ಲಿಸಿತು. ಕ್ಷಮಾಪಣೆ ಎರಡೇ ಸಾಲಿನದು, ಅದರಲ್ಲೂ ಅವಳ ಹೆಸರು ತಪ್ಪಾಗಿತ್ತು. ಗೆದ್ದೆ ಅನ್ನಿಸಲಿಲ್ಲ. ಹೊತ್ತ ಮೂಟೆಯನ್ನು ಯಾರೋ ಒಂದು ಕಡೆ ಹಿಡಿದಂತೆ ಹಗುರವಾಯಿತು ಅಷ್ಟೇ.

'ಹುರಿ'ಯಲ್ಲಿ ನೇಯ್ದ ಮೊದಲ ಸೀರೆ ಇಳಿಯುವ ದಿನ ಇಬ್ಬರೂ ಶೆಡ್ಡಿಗೆ ಹೋದರು. ಮಗ್ಗಗಳ ಆರ್ಭಟದಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅಂಚಿನಲ್ಲಿ ಗಿಳಿಗಳು ಒಂದೊಂದಾಗಿ ಹೊರಬರುತ್ತಿದ್ದವು.

ಮುನಿಕೃಷ್ಣ ಏನೋ ಹೇಳಿದ.

"ಏನು?"

ಅವನು ಮತ್ತೆ ಹೇಳಿದ. ಅವಳು ತಲೆಯಾಡಿಸಿದಳು, ಕೇಳಿಸಲಿಲ್ಲವೆಂದು. ಅವನು ಗಂಟಲು ಹರಿಯುವಂತೆ ಕೂಗಿದ. ಅಷ್ಟರಲ್ಲಿ ಕರೆಂಟು ಹೋಯಿತು!

"...ಇಷ್ಟ ಆಗ್ಬಿಟ್ಟಿದೀರ ಅಂದೆ!"

ಶೆಡ್ಡಿಗೆ ಶೆಡ್ಡೇ ಸ್ತಬ್ಧ. ಅನಿಲ್‌ಕುಮಾರ್ ಲಾಳಿ ಕೈಯಲ್ಲಿ ಹಿಡಿದು ಬಾಯಿ ಬಿಟ್ಟು ನಿಂತ. "ಗುರುವೇ! ಊರಿಗೆಲ್ಲಾ ಕೇಳಿಸ್ತಲ್ಲಣ್ಣಾ!"

"ನಡೀರಿ, ನಡೀರಿ, ಟೀ ಕುಡಿಯೋ ಹೊತ್ತು," ಗೋವಿಂದರಾಜು ಎಲ್ಲರನ್ನೂ ಆಚೆ ಅಟ್ಟಿದರು.

ಅವನ ಕಿವಿ ಕೆಂಪಾಗಿತ್ತು. ಅವಳು ಸೀರೆಯ ಅಂಚನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು.

"ನಂಗೆ ತುಂಬಾ ಸುಸ್ತಾಗಿದೆ ಮುನಿಕೃಷ್ಣ. ನಾನು ಇನ್ನೂ ಅವರನ್ನ ನೋಡ್ತಾನೇ ಇರ್ತೀನಿ. ಹಿಂದಕ್ಕೆ. ಅದು ಬಿಡೋ ಹಾಗೆ ಕಾಣ್ಸಲ್ಲ."

"ಬಿಡಿ ಅಂತ ಯಾರು ಕೇಳಿದ್ರು?" ಅವನು ಬಗ್ಗಿ ಕೊನೆಯ ಗಿಳಿಯನ್ನು ಬೆರಳಿನಿಂದ ತೋರಿಸಿದ. "ಇಲ್ಲಿ ನೋಡಿ. ಕತ್ತು ಮಾತ್ರ ಹಿಂದಕ್ಕೆ. ಕಾಲು ಮುಂದಕ್ಕೇ ಇದೆ."

ಅವಳು ಬಗ್ಗಿ ನೋಡಿದಳು. ನಿಜ. ಇಷ್ಟು ವರ್ಷ ನೋಡಿಯೂ ಅವಳಿಗೆ ಕಂಡಿರಲಿಲ್ಲ.

"ನಿಧಾನಕ್ಕೆ ನಡೀತೀನಿ," ಎಂದಳು.

"ನಂಗೇನು ಅರ್ಜೆಂಟು... ಕೆಲ್ಸಾನೂ ಇಲ್ಲ!"

ಅವಳು ನಕ್ಕಳು. ಸುಸ್ತಾದ ನಗುವೇ. ಆದರೂ ನಗು.

"ಮೇಡಂ ಅನ್ನೋದು ಬಿಡಿ ಇನ್ನು."

"ಮತ್ತೆ?"

"ಹೆಸರಿದೆಯಲ್ಲ. ಹುಡುಕಿ ಕೊಟ್ಟೋರು ನೀವೇ."

ಅವನು ಒಮ್ಮೆ ಉಸಿರೆಳೆದುಕೊಂಡ.

"ರಮ್ಯಶ್ರೀ..."

"ಹ್ಞೂಂ. ಇಲ್ಲೇ ಇದೀನಿ."