ಗೊಗ್ಗಯ್ಯನ ಗುಡ್ಡ ಹತ್ತಿದ ಒಂಟಿಗಾಲಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಕೂರೋಕೆ ಜಾಗ ಹುಡುಕ್ತಾ ಇದ್ದ ಕಾಲದಲ್ಲಿ, ಚಿತ್ತಾರಪುರ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಎಲ್ಲರೂ ಬಡಗಿಗಳು. ರಾಜನೂ ಬಡಗಿಯೇ. ಬೆಳಿಗ್ಗೆ ನ್ಯಾಯ ಹೇಳುತ್ತಿದ್ದ, ಮಧ್ಯಾಹ್ನ ತೊಟ್ಟಿಲು ಮಾಡುತ್ತಿದ್ದ. ಹೂವೋ ಹಕ್ಕಿಯೋ ಕೆತ್ತದೆ ಒಂದು ಸೌಟು ಕೂಡ ಆ ಊರಿಂದ ಆಚೆ ಹೋಗುವಂತಿರಲಿಲ್ಲ. ಹಲ್ಲುಕಡ್ಡಿಯ ಮೇಲೂ ಬಳ್ಳಿ ಕೆತ್ತುತ್ತಿದ್ದರು. ಹಲ್ಲು ಚುಚ್ಚಿಕೊಳ್ಳುವಾಗ ಮರದ ಎಲೆ ಒಸಡಿಗೆ ತಗುಲಿ ನೋಯುತ್ತಿತ್ತು. ಯಾರೂ ದೂರುತ್ತಿರಲಿಲ್ಲ, ಅಂದವಾಗಿತ್ತಲ್ಲ.

ಊರ ಪಕ್ಕದ ಗುಡ್ಡದ ತುದಿಗೆ ಗೊಗ್ಗಯ್ಯ ಅನ್ನೋ ಮಾಂತ್ರಿಕ ಬಂದು ಸೇರಿಕೊಂಡ. ಅವನಿಗೆ ಕೋಟೆ ಕಟ್ಟೋ ಆಸೆ, ಆದರೆ ಕಲ್ಲು ಹೊರೋಕೆ ಸೋಮಾರಿತನ. ಅದಕ್ಕೆ ಗುಡ್ಡಕ್ಕೆ ಶಾಪ ಹಾಕಿದ: "ನನ್ನ ಕೋಣ ಒಂದನ್ನು ಬಿಟ್ಟು, ಈ ನೆಲವನ್ನು ಒಂದೇ ಸಲಕ್ಕೆ ಎರಡು ಕಡೆ ಮುಟ್ಟಿದವರೆಲ್ಲ ಕಲ್ಲಾಗಲಿ. ಹುಣ್ಣಿಮೆ ಚಂದ್ರ ಮೂಡಿದಾಗ ಆ ಕಲ್ಲುಗಳೆಲ್ಲ ತೇಲಿ ಬಂದು ನನ್ನ ಗೋಡೆ ಸೇರಲಿ." ಗೋಡೆ ಸೇರಿದ ಕಲ್ಲಿಗೆ ಮತ್ತೆ ಜೀವ ಇಲ್ಲ. ಶಾಪ ಹಾಕೋ ಅವಸರದಲ್ಲಿ 'ನನ್ನನ್ನೂ ಬಿಟ್ಟು' ಅನ್ನೋದನ್ನು ಗೊಗ್ಗಯ್ಯ ಮರೆತ. ಶಾಪ ನೆಲಕ್ಕೆ ಇಳಿಯೋ ಮುಂಚೆಯೇ ಅದು ನೆನಪಾಗಿ, ಮರಕ್ಕೆ ಕಟ್ಟಿದ್ದ ಉಯ್ಯಾಲೆ ಹತ್ತಿ ಕೂತವನು ಮತ್ತೆ ಇಳಿಯಲಿಲ್ಲ.

ಆ ಊರಲ್ಲಿ ಈರಾಚಾರಿ ಅನ್ನೋ ಬಡಗಿಗೆ ಇಬ್ಬರು ಮಕ್ಕಳು. ದೊಡ್ಡವಳು ಕಾಳವ್ವ, ಚಿಕ್ಕವನು ಮೋನಪ್ಪ. ಗೊಗ್ಗಯ್ಯ ಶಾಪ ಹಾಕಿದ ಹೊತ್ತಿಗೆ ಕಾಳವ್ವ ಅದೇ ಗುಡ್ಡದ ತುದಿಯಲ್ಲಿ, ಇದೇನೂ ಗೊತ್ತಿಲ್ಲದೆ, ನೆಲ್ಲಿಕಾಯಿ ಕೀಳುತ್ತಿದ್ದಳು. ಕೈ ಮೇಲೆತ್ತಿ ಕೊಂಬೆ ಹಿಡಿದ ಹಾಗೇ ಕಲ್ಲಾದಳು. ಶಾಪದ ಸುದ್ದಿ ಊರಿಗೆ ಮುಟ್ಟಿದ ಮೇಲೆ ರಾಜ ಅವಳನ್ನು ಬಿಡಿಸೋಕೆ ಒಬ್ಬ ಜಟ್ಟಿಯನ್ನು ಕಳಿಸಿದ. ಜಟ್ಟಿ ಒಂದೇ ಕಾಲಲ್ಲಿ ಕುಂಟುತ್ತಾ ಹದಿನಾಲ್ಕು ಮೆಟ್ಟಿಲು ಹತ್ತಿದ. ಹದಿನೈದನೇದರಲ್ಲಿ, ಒಂಚೂರು ಸುಧಾರಿಸಿಕೊಳ್ಳೋಣ ಅಂತ ಇನ್ನೊಂದು ಕಾಲು ಇಳಿಸಿದ. ಅವನೂ ಕಲ್ಲಾದ.

ಹುಣ್ಣಿಮೆಗೆ ಮೂರೇ ದಿನ ಉಳಿದಿತ್ತು. ಮೋನಪ್ಪ ಗುಡ್ಡದ ಬುಡದಲ್ಲಿ ಕೂತು ಅಳುತ್ತಿದ್ದ. ಎದುರಿಗೆ, ಶಾಪದ ನೆಲದ ಮೇಲೆ, ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು.

"ನೀನು ಅತ್ತರೆ ಹುಣ್ಣಿಮೆ ಮುಂದಕ್ಕೆ ಹೋಗುತ್ತೇನೋ?" ಅಂತು ಕೊಕ್ಕರೆ.

"ನಿನಗೇನಕ್ಕಾ, ಒಂದು ಕಾಲಲ್ಲಿ ನಿಂತು ಬುದ್ಧಿ ಹೇಳ್ತೀಯ. ಅಲ್ಲಿ ಕಲ್ಲಾಗಿರೋದು ನಮ್ಮಕ್ಕ."

"ಅವಳ ಪಕ್ಕದಲ್ಲಿ ಕಲ್ಲಾಗಿರೋದು ನಮ್ಮ ಯಜಮಾನರು ಕಣೋ. ಗುಡ್ಡದ ಮೇಲೆ ಇರೋ ಅಷ್ಟು ದಿನ ಒಂದೇ ಕಾಲಲ್ಲಿ ನಿಲ್ಲಿ ಅಂತ ನೂರು ಸಲ ಹೇಳಿದ್ದೆ. ಮಿಡತೆ ಕಂಡರು, ಎರಡೂ ಕಾಲು ಇಳಿಸಿದರು. ಮನೇಲೂ ಹಂಗೇ, ಹೇಳಿದ್ದು ಕೇಳೋ ಪೈಕಿ ಅಲ್ಲ."

ಕೊಕ್ಕರೆಗೆ ಇನ್ನೊಂದು ವಿಷಯ ಗೊತ್ತಿತ್ತು. ಗೊಗ್ಗಯ್ಯನ ಎರಡು ಕಾಲೂ ಆ ನೆಲಕ್ಕೆ ತಾಗಿದರೆ ಅವನು ಕಲ್ಲಾಗುತ್ತಾನೆ, ಉಳಿದವರೆಲ್ಲ ಮೊದಲಿನಂತಾಗುತ್ತಾರೆ, ಆಮೇಲೆ ಆ ನೆಲ ಮುಟ್ಟಿದರೂ ಯಾರೂ ಕಲ್ಲಾಗೋದಿಲ್ಲ. "ಅವನನ್ನು ಉಯ್ಯಾಲೆಯಿಂದ ಇಳಿಸಬೇಕು. ನಾನು ಹೋದರೆ ಚಪ್ಪಲಿ ಎಸೀತಾನೆ. ಮಾತು ಬಲ್ಲವರು ಯಾರಾದ್ರೂ ಹೋಗಬೇಕು," ಅಂತು.

ಮೋನಪ್ಪ ಕಣ್ಣೊರೆಸಿಕೊಂಡ. ಮಾತು ಅವನಿಗೆ ಬೇಕಾದಷ್ಟಿತ್ತು. ಮನೆಯಲ್ಲಿ ಇನ್ನೊಂದೂ ಇತ್ತು. ಮುರಿದ ಗಾಡಿಯ ಒಂದು ಗಾಲಿ ತೆಗೆದು, ಮೇಲೊಂದು ಪೀಠ, ಪಕ್ಕಕ್ಕೆ ತುಳಿಯೋಕೆ ಎರಡು ಪುಟ್ಟ ಮಣೆ ಸಿಕ್ಕಿಸಿ, ಅವನೇ ಮಾಡಿಕೊಂಡಿದ್ದ ಒಂಟಿಗಾಲಿ. ಅದರ ಮೇಲೆ ಕೂತು ಊರ ಕೋಳಿಗಳನ್ನೆಲ್ಲ ಬೆದರಿಸೋದು ಅವನ ದಿನದ ಕೆಲಸ. ಒಂದೇ ಗಾಲಿ, ನೆಲ ಮುಟ್ಟೋದು ಒಂದೇ ಕಡೆ. ಆದರೆ ಗುಡ್ಡಕ್ಕೆ ಇದ್ದಿದ್ದು ಮೆಟ್ಟಿಲು. ಉರುಳಿಸಿಕೊಂಡು ಹೋಗೋಕಾಗದು, ಕುಪ್ಪಳಿಸಿಕೊಂಡೇ ಹತ್ತಬೇಕು. ಕುಪ್ಪಳಿಸೋದು ಅವನಿಗೆ ಗೊತ್ತಿರಲಿಲ್ಲ.

ಮೊದಲನೇ ದಿನ ಶಾಪ ಇಲ್ಲದ ಬಯಲಲ್ಲಿ ಕಲಿಯೋಕೆ ನಿಂತ. ಒಂದು ಸಲ ಕುಪ್ಪಳಿಸಿದ, ಅಯ್ಯೋ ಅಂದ. ಎರಡನೇ ಸಲ ಅಮ್ಮಾ ಅಂದ. ಮೂರನೇ ಸಲಕ್ಕೆ ಮಾತೇ ಬರಲಿಲ್ಲ, ನೆಲದ ಮೇಲೆ ಮಗ್ಗುಲಾಗಿ ಮಲಗಿಬಿಟ್ಟ.

ಕೊಕ್ಕರೆ ಹಾರಿ ಬಂದು ಪೀಠ ನೋಡಿತು. ತೇಗದ ಪೀಠ. ಅದರ ಮೇಲೆ ಈರಾಚಾರಿ ಕೈಯಾರೆ ಕೆತ್ತಿದ ತಾವರೆ, ಹದಿನಾರು ದಳ, ಒಂದೊಂದೂ ಚೂಪಾಗಿ ಎದ್ದು ನಿಂತಿತ್ತು. ಮುಂದುಗಡೆ ಕತ್ತು ಎತ್ತಿದ ಒಂದು ಗಿಳಿ.

"ಇದರ ಮೇಲೆ ಕೂತ್ಕೊಂಡು ಮಕ್ಕಳಾಗೋ ಆಸೆ ಬೇರೆ ಇದೆಯೇನೋ ನಿಂಗೆ?" ಅಂತು ಕೊಕ್ಕರೆ.

ಮೋನಪ್ಪ ಕಾಲು ಅಗಲಿಸಿಕೊಂಡು ಮನೆಗೆ ಹೋದ. "ಅಪ್ಪಯ್ಯ, ತಾವರೆ ತೆಗೀಬೇಕು."

ಈರಾಚಾರಿ ಉಳಿ ಕೆಳಗಿಟ್ಟ. "ಕೆತ್ತನೆ ಇಲ್ಲದ ಸಾಮಾನು ನಮ್ಮ ಮನೆಯಿಂದ ಹೊರಗೆ ಹೋದರೆ ಏನಂತಾರೆ ಜನ?"

"ಜನ ಇದರ ಮೇಲೆ ಕೂರಲ್ಲ ಅಪ್ಪಯ್ಯ. ಕೂರೋದು ನಾನು."

"ಏಳು ದಿನ ಕೂತು ಕೆತ್ತಿದ್ದೀನಿ ಕಣೋ."

"ಅದರ ಮೇಲೆ ನಾನು ಮೂರು ಸಲ ಕೂತೆ. ಸಾಕಾಯ್ತು. ಅಕ್ಕ ಬೇಕೋ ತಾವರೆ ಬೇಕೋ ಹೇಳು."

ಈರಾಚಾರಿ ಮಗನ ಮುಖ ನೋಡಲಿಲ್ಲ. ಮರ ನುಣುಪು ಮಾಡೋ ಹತ್ತರಿ ಎತ್ತಿಕೊಂಡು ತಾನೇ ಉಜ್ಜಿದ. ಹದಿನಾರು ದಳವೂ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಮೇಲೆ ಬೂರುಗದ ಹತ್ತಿ ತುಂಬಿ ಮೇಕೆ ಚರ್ಮ ಬಿಗಿದ. ಗಾಲಿಯ ಕಬ್ಬಿಣದ ಪಟ್ಟಿ ಬಿಚ್ಚಿ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿದ, ನೆಲಕ್ಕೆ ಬಿದ್ದಾಗ ಬೆನ್ನುಮೂಳೆ ಅದುರಬಾರದು ಅಂತ. "ಗಿಳಿ ಮಾತ್ರ ಮುಟ್ಟಲ್ಲ," ಅಂದ. ಗಿಳಿ ಉಳೀತು.

ಎರಡನೇ ದಿನ ಪೀಠ ಮೆತ್ತಗಾಗಿತ್ತು, ಆದರೂ ಮೋನಪ್ಪ ಬಿದ್ದ. ಎಡಕ್ಕೆ ಬಿದ್ದ, ಬಲಕ್ಕೆ ಬಿದ್ದ, ಒಂದು ಸಲ ಕೊಕ್ಕರೆ ಮೇಲೇ ಬಿದ್ದ.

"ಕೇಳೋ ಇಲ್ಲಿ," ಅಂತು ಕೊಕ್ಕರೆ, ಪುಕ್ಕ ಸರಿಮಾಡಿಕೊಳ್ಳುತ್ತಾ. "ನೆಗೆಯುವಾಗ ಪೀಠ ಇರೋದು ಕೂರೋಕಲ್ಲ. ಭಾರವೆಲ್ಲ ಪಾದದ ಮೇಲಿರಲಿ. ಎರಡು ಮಣೆನೂ ಒಂದೇ ಮಟ್ಟದಲ್ಲಿರಲಿ, ತಕ್ಕಡಿ ಹಂಗೆ. ಮಂಡಿ ಸಡಿಲ ಬಿಡು. ಒಂದು ಕೈಲಿ ಗಿಳಿ ಕತ್ತು ಹಿಡಿ, ಇನ್ನೊಂದು ಕೈ ನನ್ನ ರೆಕ್ಕೆ ಥರ ಗಾಳೀಲಿರಲಿ. ಗಾಲಿ ನೋಡಬೇಡ, ಅದೆಲ್ಲೂ ಓಡಿಹೋಗಲ್ಲ. ದೂರದ ಮರ ನೋಡು."

ಮೋನಪ್ಪ ಹಾಗೇ ಮಾಡಿದ. ಟಪ್, ಟಪ್, ಟಪ್. ನಿಂತಲ್ಲೇ ನೂರು ಸಲ ನೆಗೆದ.

ಮೂರನೇ ದಿನ ಎತ್ತರ. "ಮೊದಲು ಕುಗ್ಗು, ಆಮೇಲೆ ಚಿಮ್ಮು. ಮೇಲೆ ಹೋದಾಗ ಗಿಳಿಯನ್ನು ಹೊಟ್ಟೆ ಕಡೆಗೆ ಎಳಕೋ, ಕಾಲು ಮಡಚು, ಗಾಲಿ ತಾನಾಗೇ ಹಿಂದೆ ಬರುತ್ತೆ," ಅಂತು ಕೊಕ್ಕರೆ. ಬಂತು. ಇಳಿಹೊತ್ತಿಗೆ ಮೋನಪ್ಪ ಒರಳುಕಲ್ಲಿನ ಮೇಲೆ ಎಗರಿ ನಿಂತ. ಅವತ್ತೇ ಹುಣ್ಣಿಮೆ. ಚಂದ್ರ ಮೂಡೋಕೆ ಎರಡು ತಾಸು ಇತ್ತು.

ಗುಡ್ಡದಲ್ಲಿ ಮೊದಲು ಸಿಕ್ಕಿದ್ದು ನೂರಾಎಂಟು ಮೆಟ್ಟಿಲು. ಟಪ್ ಅಂತ ಒಂದು, ಟಪ್ ಅಂತ ಇನ್ನೊಂದು. ಹದಿನೈದನೇದರಲ್ಲಿ ಕಲ್ಲಿನ ಜಟ್ಟಿ ಅಡ್ಡ ಇದ್ದ. "ಪಕ್ಕಕ್ಕೆ ಬರ್ತೀನಿ ಮಾವ," ಅಂತ ಹೇಳಿ ಸುತ್ತಿಕೊಂಡು ಹೋದ. ನೂರಾಎಂಟೂ ಮುಗಿದಾಗ ತೊಡೆ ಉರಿಯುತ್ತಿತ್ತು, ಆದರೆ ಕೂತ ಜಾಗ ನೆಮ್ಮದಿಯಾಗಿತ್ತು.

ಎರಡನೇದಾಗಿ ಸಿಕ್ಕಿದ್ದು ಗೊಗ್ಗಯ್ಯನ ಕೋಣ. ದಾರಿಯ ಅಗಲಕ್ಕೂ ನಿಂತು ಮೆಲುಕು ಹಾಕುತ್ತಿತ್ತು.

"ಸ್ವಲ್ಪ ಸರೀತೀಯೇನಪ್ಪಾ?" ಅಂದ ಮೋನಪ್ಪ.

"ಮೆಲುಕು ಮುಗಿಯೋವರೆಗೂ ಸರಿಯಲ್ಲ," ಅಂತು ಕೋಣ. "ಕಾಯ್ತಾ ಇರು. ಇಳಿದು ಕಾಯಿ, ಆರಾಮಾಗಿ."

ಇಳಿದರೆ ಕಲ್ಲು. ಒಂಟಿಗಾಲಿ ಮೇಲೆ ಸುಮ್ಮನೆ ನಿಲ್ಲೋಕೂ ಬರೋದಿಲ್ಲ, ನಿಂತರೆ ಬೀಳುತ್ತೆ. ಅದಕ್ಕೆ ಮೋನಪ್ಪ ನಿಂತಲ್ಲೇ ನೆಗೆದ. ಜೋರಾಗಿ ಅಲ್ಲ, ಸಣ್ಣಗೆ, ಉಸಿರಾಡಿದಷ್ಟು ಹಗುರಾಗಿ. ಟಪ್, ಟಪ್, ಟಪ್. ಕೋಣ ಅವನನ್ನೇ ನೋಡಿತು. ಅವನು ಮೇಲೆ ಹೋದರೆ ಅದರ ಕತ್ತೂ ಮೇಲೆ, ಅವನು ಕೆಳಗೆ ಬಂದರೆ ಅದರ ಕತ್ತೂ ಕೆಳಗೆ. ಮುನ್ನೂರನೇ ನೆಗೆತಕ್ಕೆ ಕೋಣದ ಕಣ್ಣು ಮುಚ್ಚಿತು. ಮುನ್ನೂರ ಹತ್ತಕ್ಕೆ ದೊಪ್ಪನೆ ಪಕ್ಕಕ್ಕೆ ಉರುಳಿ ಗೊರಕೆ ಹೊಡೆಯಿತು. ದಾರಿ ಬಿಟ್ಟಿತು.

ಮೂರನೇದು ಮಾಯದ ಹೊಸ್ತಿಲು. ಸೋತರೆ ಒಂದು ಗೇಣು ಬೆಳೆಯುವ ಹೊಸ್ತಿಲು ಅದು. ಮೋನಪ್ಪ ಎಗರಿದ, ಗಾಲಿ ತಗುಲಿತು, ಹಿಂದಕ್ಕೆ ನೆಗೆದು ಹೇಗೋ ಸಾವರಿಸಿಕೊಂಡ. ಹೊಸ್ತಿಲು ಒಂದು ಗೇಣು ಬೆಳೆಯಿತು. ಮತ್ತೆ ಎಗರಿದ, ಮತ್ತೆ ತಗುಲಿತು. ಇನ್ನೂ ಒಂದು ಗೇಣು. ಈಗ ಮಂಡಿಯಷ್ಟು ಎತ್ತರ. ಪೂರ್ವದಲ್ಲಿ ಆಕಾಶ ಬೆಳ್ಳಗಾಗುತ್ತಿತ್ತು. ಆಚೆ ಬದಿಯ ನೆಲ್ಲಿ ಮರದ ಕೆಳಗೆ ಅಕ್ಕ ಕಾಣುತ್ತಿದ್ದಳು, ಕೈ ಮೇಲೆತ್ತಿಕೊಂಡು, ಬೂದು ಬಣ್ಣಕ್ಕೆ.

"ಹೊಸ್ತಿಲು ನೋಡ್ತಾ ಇದ್ದೀಯ," ಅಂತು ಮೇಲೆ ಹಾರುತ್ತಿದ್ದ ಕೊಕ್ಕರೆ. "ಗಿಳಿಯನ್ನು ಕತ್ತು ಹಿಸುಕೋ ಹಾಗೆ ಹಿಡಿದಿದ್ದೀಯ. ಅದೇನು ಮಾಡಿತ್ತು ನಿನಗೆ? ಉಸಿರು ಬಿಡು."

ಮೋನಪ್ಪ ಉಸಿರು ಬಿಟ್ಟ. ಬೆರಳು ಸಡಿಲ ಮಾಡಿದ. ಹೊಸ್ತಿಲು ಬಿಟ್ಟು ಅಕ್ಕನ ಕೈಯನ್ನು ನೋಡಿದ. ಕುಗ್ಗಿದ, ಚಿಮ್ಮಿದ, ಗಿಳಿಯನ್ನು ಎಳೆದುಕೊಂಡು ಕಾಲು ಮಡಚಿದ. ಗಾಲಿ ಹೊಸ್ತಿಲನ್ನು ದಾಟಿ ಆಚೆ ಬಿತ್ತು. ನಾರಿನ ಹಗ್ಗ ಮೆತ್ತಗೆ ಹೊತ್ತುಕೊಂಡಿತು.

ಉಯ್ಯಾಲೆ ಮೇಲೆ ಗೊಗ್ಗಯ್ಯ ಕೂತಿದ್ದ. ಹದಿಮೂರು ದಿನದಿಂದ ಕೂತು ಕೂತು ಅವನಿಗೆ ಬೇಸರ ಬಂದು, ಆ ಬೇಸರಕ್ಕೂ ಬೇಸರ ಬಂದಿತ್ತು.

"ಯಾವನೋ ನೀನು? ಇಳಿದು ಅಡ್ಡಬೀಳೋ," ಅಂದ.

"ಅಡ್ಡಬಿದ್ದರೆ ಆಟ ನಿಂತುಹೋಗುತ್ತೆ ಗೊಗ್ಗಯ್ಯನೋರೇ," ಅಂದ ಮೋನಪ್ಪ, ಟಪ್ ಟಪ್ ಅಂತ ನೆಗೆಯುತ್ತಲೇ. "ಎಷ್ಟು ಮಜ ಇದೆ ಅಂತೀರಿ. ಬೇಕಾದ ಕಡೆ ಹೋಗಬಹುದು, ಕಲ್ಲಾಗಲ್ಲ. ಆದರೆ ಬಿಡಿ, ನಿಮ್ಮ ವಯಸ್ಸಿಗೆ ಇದೆಲ್ಲ ಆಗದು."

"ಏನು ನನ್ನ ವಯಸ್ಸಿಗೆ? ನಾಲ್ಕು ನೂರು ಮಂತ್ರ ಬಲ್ಲವನು ನಾನು."

"ಮಂತ್ರ ಬೇರೆ, ಮಂಡಿ ಬೇರೆ ಅಲ್ವಾ ಸ್ವಾಮಿ?"

"ಕೊಡೋ ಇಲ್ಲಿ," ಅಂದ ಗೊಗ್ಗಯ್ಯ.

ಮೋನಪ್ಪ ಉಯ್ಯಾಲೆಯ ಸರಪಳಿ ಹಿಡಿದು ಹಲಗೆಯ ಮೇಲೆ ಹತ್ತಿದ. ಒಂಟಿಗಾಲಿಯನ್ನು ಗಿಳಿ ಕತ್ತು ಹಿಡಿದು ನೆಟ್ಟಗೆ ನಿಲ್ಲಿಸಿದ. ಗೊಗ್ಗಯ್ಯ ಹಲಗೆಯಿಂದ ಜಾರಿ ಪೀಠದ ಮೇಲೆ ಕೂತ, ಮಣೆಗಳ ಮೇಲೆ ಪಾದ ಇಟ್ಟ.

"ಈಗ ಹೆಂಗೆ?"

"ಭಾರವೆಲ್ಲ ಪೀಠದ ಮೇಲೆ ಬಿಡಿ," ಅಂದ ಮೋನಪ್ಪ. "ಹಾಗೇ. ಮಂಡಿ ಬಿಗಿಯಾಗಿರಲಿ. ಕೈ ಎರಡೂ ಎದೆ ಮೇಲೆ ಕಟ್ಟಿಕೊಳ್ಳಿ, ಅಂದ ಕಾಣುತ್ತೆ. ಗಾಲಿಯನ್ನೇ ನೋಡ್ತಾ ಇರಿ, ಕಣ್ಣು ತೆಗೀಬೇಡಿ. ಹ್ಞಾಂ, ಈಗ ನೆಗೀರಿ."

ಮೇಲೆ ಹಾರುತ್ತಿದ್ದ ಕೊಕ್ಕರೆಗೆ ನಗು ತಡೆಯಲಾರದೆ ಎರಡು ಪುಕ್ಕ ಉದುರಿತು.

ಗೊಗ್ಗಯ್ಯ ನೆಗೆದ. ಗಾಲಿ ಮುಂದಕ್ಕೆ ಹೋಯಿತು, ಗೊಗ್ಗಯ್ಯ ಹಿಂದಕ್ಕೆ ಬಂದ. ಮೊದಲ ಸಲ ಒಂಟಿಗಾಲಿ ಹತ್ತಿದ ಯಾರೇ ಆಗಲಿ ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ. ಎರಡೂ ಕಾಲು ನೆಲಕ್ಕೆ ಊರಿದ. ಊರಿದ ಮೇಲೆ ನೆನಪಾಯಿತು. 'ಅ' ಅಂತ ಬಾಯಿ ತೆರೆದವನು ಹಾಗೇ ಕಲ್ಲಾದ.

ನೆಲ್ಲಿ ಮರದ ಕೆಳಗೆ ಬೂದು ಬಣ್ಣ ಇಳಿಯಿತು. ಕಾಳವ್ವ ಕೊಂಬೆ ಬಿಟ್ಟು, ನೋಯುತ್ತಿದ್ದ ರಟ್ಟೆ ಉಜ್ಜಿಕೊಂಡು, ತಿರುಗಿ ನೋಡಿದಳು.

"ನಿನ್ನನ್ನು ಯಾರೋ ಇಲ್ಲಿಗೆ ಕರೆದಿದ್ದು? ಅದೇನು ಉಯ್ಯಾಲೆ ಮೇಲೆ ಕೂತು ಅಳ್ತಾ ಇದ್ದೀಯ?"

"ಕಣ್ಣಿಗೆ ಧೂಳು ಬಿತ್ತಕ್ಕಾ," ಅಂದ ಮೋನಪ್ಪ.

ಕೊಕ್ಕರೆಯ ಯಜಮಾನರು ರೆಕ್ಕೆ ಕೊಡವಿ, "ಮಿಡತೆ ಎಲ್ಲಿ ಹೋಯ್ತೇ?" ಅಂತ ಕೇಳಿದರು. ಕೊಕ್ಕರೆ ಹದಿಮೂರು ದಿನದಿಂದ ಮಡಚಿಟ್ಟಿದ್ದ ಕಾಲನ್ನು ಮೆಲ್ಲಗೆ ಇಳಿಸಿ, ಎರಡು ಕಾಲಲ್ಲೂ ನಿಂತುಕೊಂಡು ಅವರಿಗೆ ಸರಿಯಾಗಿ ಬೈಯಿತು.

ಚಂದ್ರ ಮೂಡಿದ. ತೇಲಿ ಹೋಗೋಕೆ ಗೊಗ್ಗಯ್ಯ ಒಬ್ಬನೇ ಕಲ್ಲು. ಅವನು ತನ್ನ ಗೋಡೆಗೆ ತಾನೇ ಹೋಗಿ ಸೇರಿಕೊಂಡ, ಬಾಯಿ ತೆರೆದ ಹಾಗೇ. ಆಮೇಲೆ ಆ ಬಾಯಲ್ಲಿ ಗುಬ್ಬಿಗಳು ಗೂಡು ಕಟ್ಟಿದವು. ಕೋಣ ಎದ್ದು, ಯಜಮಾನ ಇಲ್ಲ ಅಂತ ಗೊತ್ತಾಗಿ, ಜಟ್ಟಿಯ ಹಿಂದೆ ಊರಿಗೆ ಹೋಯಿತು. ಈರಾಚಾರಿ ಮನೆಗೆ ಬಂದ ಮಗಳ ತಲೆ ಮುಟ್ಟಿದ, ಕೆನ್ನೆ ಮುಟ್ಟಿದ, ಆಮೇಲೆ ಒಳಗೆ ಹೋಗಿ ಅವಳಿಗೂ ಒಂದು ಒಂಟಿಗಾಲಿಗೆ ಮರ ಹುಡುಕಿದ. ತಾವರೆಯನ್ನು ಈ ಸಲ ಪೀಠದ ಅಡಿಗೆ ಕೆತ್ತಿದ.

ಮಾರನೇ ವಾರ ಕಾಳವ್ವ ಅದೇ ಗುಡ್ಡದಲ್ಲಿ ಕುಪ್ಪಳಿಸೋದು ಕಲಿತಳು. ಮೂರು ಮೆಟ್ಟಿಲು ಹತ್ತಿ ನಾಲ್ಕನೇದರಲ್ಲಿ ಬಿದ್ದಳು. ಎರಡು ಕಾಲು, ಎರಡು ಕೈ, ಒಂದು ಮೂಗು, ಎಲ್ಲ ನೆಲಕ್ಕೆ ತಾಗಿದವು. ಯಾರೂ ಕಲ್ಲಾಗಲಿಲ್ಲ. ಅವಳು ಮಣ್ಣು ಒರೆಸಿಕೊಂಡು ಮತ್ತೆ ಹತ್ತಿದಳು. ಚಿತ್ತಾರಪುರದವರು ಅವತ್ತಿಂದ ಹಾಗೇ ಬೀಳುತ್ತಾ, ಏಳುತ್ತಾ, ಹೊಟ್ಟೆ ತುಂಬಾ ನಗುತ್ತಾ ಬದುಕಿದರು.